ಕೊಲಾಬಾದ ಜೆಟ್ಟಿಯೂ ‘ಶ್ರೀಮಂತರ ತಕರಾರೂ’

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದಿಂದ ಕೂಗಳತೆಯಲ್ಲಿ, ರೇಡಿಯೋ ಕ್ಲಬ್ ಬಳಿಯ ಕಡಲಲ್ಲಿ ಕಟ್ಟುತ್ತಿರುವ ಹೊಸ ಜೆಟ್ಟಿಯ ಬಗ್ಗೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಕಿಟಕಿಯಿಂದ ಕಾಣುವ ಸಮುದ್ರ ಕೆಡಬಾರದೆಂದು ಕೊಲಾಬಾದ ಸಿರಿವಂತರು ಕೋರ್ಟಿಗೆ ಹೋದರು, ಕೋರ್ಟು ಬುದ್ಧಿ ಹೇಳಿ ಕಳಿಸಿತು. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ತಳ್ಳಿಹಾಕಿತು. ಊರಿಗೆ ಬೇಕು, ನಮ್ಮ ಹಿತ್ತಿಲಿಗೆ ಮಾತ್ರ ಬೇಡ ಎನ್ನುವ ಚಾಳಿ ಇದು ಎಂಬ ಟೀಕೆ ನ್ಯಾಯಪೀಠದಿಂದಲೇ ಬಂದ ಮೇಲೆ ಕೇಳಬೇಕೆ? ದೂರು ಕೊಟ್ಟವರು ಸ್ವಾರ್ಥಿಗಳು, ಯೋಜನೆ ಜನಹಿತದ್ದು ಎಂದು ತೀರ್ಮಾನವಾಗಿಹೋಯಿತು.

ಮೊದಲನೆಯದು ನಿಜವೇ ಇರಬಹುದು. ಎರಡನೆಯದನ್ನು ಅಷ್ಟು ಸಲೀಸಾಗಿ ಒಪ್ಪಲಾರೆ.

ಜೆಟ್ಟಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲಿಫೆಂಟಾ ದ್ವೀಪಕ್ಕೂ ಅಲಿಬಾಗ್ ಕಡೆಯ ಮಾಂಡ್ವಾಕ್ಕೂ ಹೋಗುವ ದೋಣಿಗಳನ್ನು ಗೇಟ್‌ವೇ ಬುಡದ ಕಲ್ಲುಮೆಟ್ಟಿಲುಗಳಿಂದಲೇ ಹತ್ತಿಕೊಂಡು ಬಂದಿದ್ದೇವೆ. ಇಳಿತದ ಹೊತ್ತಿಗೆ ಪಾಚಿಗಟ್ಟಿದ ಕೆಳಮೆಟ್ಟಿಲುಗಳು ಹೊರಬೀಳುತ್ತವೆ. ಜಾಗ ಸಾಲದೆ ಒಂದು ಲಾಂಚಿಗೆ ಇನ್ನೊಂದನ್ನು ತಾಗಿಸಿ ನಿಲ್ಲಿಸಿದ್ದರೆ ಮೊದಲನೆಯದರ ಒಳಗಿಂದ ಹಾದು, ನಡುವೆ ನೀರು ಬಾಯ್ದೆರೆದು ಮುಚ್ಚುವುದನ್ನು ನೋಡಿಕೊಂಡು ಎರಡನೆಯದಕ್ಕೆ ಕಾಲಿಡಬೇಕು. ಸೀರೆಯುಟ್ಟ ಅಜ್ಜಿಯ ರೆಟ್ಟೆ ಹಿಡಿದು ಖಲಾಸಿ ಆಚೆಗೆ ಎಳೆದುಕೊಳ್ಳುವ ಆ ಒಂದು ಗಳಿಗೆ ನೋಡಿದವರಾರೂ ಈ ಮೆಟ್ಟಿಲುಗಳನ್ನು ಪರಂಪರೆ ಎಂದು ಹೊಗಳಲಾರರು. ಗಾಲಿಕುರ್ಚಿಯವರ ಮಾತಂತೂ ಬಿಡಿ. ಗೇಟ್‌ವೇ ಎಂಬ 1924ರ ಸ್ಮಾರಕದ ಅಂದ ಕೆಡುತ್ತದೆ ಎಂಬ ಕೊಲಾಬಾದವರ ವಾದ ಇಲ್ಲಿಯೇ ಸೋಲುತ್ತದೆ: ದೋಣಿಗಳು ಆಚೆ ಸರಿದರೆ ಸ್ಮಾರಕದ ಬುಡದ ನೂಕುನುಗ್ಗಲೇ ತಗ್ಗುತ್ತದೆ.

ಆದರೆ ಸುಮಾರು 229 ಕೋಟಿ ರೂಪಾಯಿಯ ಯೋಜನೆಯ ಮೂಲ ನಕ್ಷೆಯಲ್ಲಿ ಇದ್ದದ್ದು ಜೆಟ್ಟಿಯೊಂದೇ ಅಲ್ಲ. 150 ಕಾರುಗಳಿಗೆ ಪಾರ್ಕಿಂಗ್, ವಿಐಪಿ ಲಾಂಜ್, ಆಂಫಿಥಿಯೇಟರ್, ಕೆಫೆ. ಎಲಿಫೆಂಟಾ ಗುಹೆ ನೋಡಲು ಹೊರಟ ಸಂಸಾರಕ್ಕೆ ದೋಣಿ ಹತ್ತುವ ಮುಂಚೆ ಆಂಫಿಥಿಯೇಟರ್ ಯಾಕೆ ಬೇಕು? ಈ ಪ್ರಶ್ನೆಯನ್ನು ಬಂದರು ಇಲಾಖೆ ತನ್ನನ್ನೇ ಕೇಳಿಕೊಳ್ಳಲಿಲ್ಲ. ಅದನ್ನು ಕೋರ್ಟಿಗೆ ಒಯ್ದವರು ಅದೇ ‘ಸ್ವಾರ್ಥಿ’ಗಳು. ಅನುಮತಿ ಕೊಡುವಾಗ ಹೈಕೋರ್ಟ್ ಹಾಕಿದ ಷರತ್ತುಗಳನ್ನು ಸುದ್ದಿಮನೆಗಳು ಕೊನೆಯ ಪ್ಯಾರಾಕ್ಕೆ ತಳ್ಳಿದವು, ನಿಜವಾದ ಸುದ್ದಿ ಇದ್ದದ್ದು ಅಲ್ಲಿಯೇ. ಆಂಫಿಥಿಯೇಟರಿನಲ್ಲಿ ಮನರಂಜನೆ ಇಲ್ಲ, ಅದು ದೋಣಿಗೆ ಕಾಯುವವರ ಕೂರುವ ಜಾಗ ಮಾತ್ರ. ಕೆಫೆಯಲ್ಲಿ ಕೂತು ಉಣ್ಣುವಂತಿಲ್ಲ, ನೀರು ಮತ್ತು ಪೊಟ್ಟಣದ ತಿಂಡಿ ಮಾತ್ರ. ಅಂದರೆ ಸೋತವರ ತಕರಾರಿನಿಂದಲೇ ನಕ್ಷೆ ಪ್ರಯಾಣಿಕನ ಕಡೆಗೆ ಒಂದಿಷ್ಟು ವಾಲಿತು. ತಕರಾರು ತೆಗೆದವನ ಮನಸ್ಸು ಶುದ್ಧವಾಗಿರಲೇಬೇಕೆಂದು ಹಟ ಹಿಡಿದರೆ ಈ ದೇಶದಲ್ಲಿ ಒಂದು ಕಾಮಗಾರಿಯೂ ತಿದ್ದುಪಡಿ ಕಾಣುವುದಿಲ್ಲ.

ಕಾರುಗಳ ವಿಷಯವಂತೂ ನನಗೆ ಇನ್ನೂ ಬಗೆಹರಿದಿಲ್ಲ. ಕಾರಿನ ಸಮೇತ ಅಲಿಬಾಗಿಗೆ ಹೋಗುವವರಿಗೆ ಮುಂಬಯಿಯದೇ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ 2020ರಿಂದಲೇ ರೋ-ರೋ ಹಡಗು ಓಡುತ್ತಿದೆ. ಕೊಲಾಬಾಕ್ಕೆ ಬರುವವನು ಕಾರು ಬಿಟ್ಟು ಹೋಗುವವನು, ಅಥವಾ ಕಾರೇ ಇಲ್ಲದವನು. ಈ ಎರಡನೆಯವನಿಗೆ ಏನಿದೆ? ಮಾಂಡ್ವಾದಲ್ಲಿ ದೋಣಿ ಇಳಿದರೆ ಅಲಿಬಾಗಿಗೆ ಬಸ್ಸು ಕಾದು ನಿಂತಿರುತ್ತದೆ, ಹಲವು ದೋಣಿ ಕಂಪನಿಗಳ ಟಿಕೆಟಿನಲ್ಲೇ ಅದರ ದುಡ್ಡೂ ಸೇರಿರುತ್ತದೆ. ಹಳ್ಳಿಯ ದಡದಲ್ಲಿ ಖಾಸಗಿಯವರು ಎಂದೋ ಮಾಡಿಕೊಂಡ ಈ ಸರಳ ಏರ್ಪಾಡು ಮಹಾನಗರದ ದಡದಲ್ಲಿಲ್ಲ. ಇಲ್ಲಿ ಇಳಿದವನು ಸಿಎಸ್‌ಎಂಟಿ ಇಲ್ಲವೇ ಚರ್ಚ್‌ಗೇಟ್ ರೈಲು ನಿಲ್ದಾಣಕ್ಕೆ ಹೋಗಲು ಟ್ಯಾಕ್ಸಿ ಹುಡುಕಬೇಕು, ಅಥವಾ ನಗರಸಾರಿಗೆಯ ಬೆಸ್ಟ್ ಬಸ್ಸಿನ ನಿಲ್ದಾಣದ ತನಕ ಚೀಲ ಹೊತ್ತು ನಡೆಯಬೇಕು.

ಇನ್ನು ಗೇಟ್‌ವೇ ಅಂಗಳವನ್ನೇ ನಂಬಿದವರು: ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ನಿಂತಲ್ಲೇ ಫೋಟೋ ತೆಗೆದು ಕೊಡುವವರು, ಕಡಲೆಕಾಯಿಯವರು, ಟಿಕೆಟಿಗೆ ಕೂಗಿ ಕರೆಯುವ ಹುಡುಗರು. ಹೊಸದು ಸಿದ್ಧವಾದಂತೆ ಗೇಟ್‌ವೇ ಬುಡದ ಹಳೆಯ ಜೆಟ್ಟಿಗಳು ಹಂತಹಂತವಾಗಿ ಬಂದಾಗಲಿವೆ. ದೋಣಿಯ ಗಿರಾಕಿ ಇನ್ನೂರು-ಮುನ್ನೂರು ಮೀಟರು ಸರಿದರೆ ಇವರೂ ಸರಿಯಬೇಕು. ಆದರೆ ಅಲ್ಲಿರುವುದು ಅಂಗಳವಲ್ಲ, ರಾಮ್‌ಚಂದಾನಿ ಮಾರ್ಗದ ಫುಟ್‌ಪಾತ್. ಸಿರಿವಂತರು ವರ್ಸಸ್ ಸಾರ್ವಜನಿಕರು ಎಂದು ಅಖಾಡ ಕಟ್ಟಿದ ಚರ್ಚೆಯಲ್ಲಿ ಎರಡು ಕಡೆಯವರಿಗೂ ಇವರ ನೆನಪಾಗಲಿಲ್ಲ. ಕೋರ್ಟಿನಲ್ಲಿ ವಾದ ನಡೆದಿರುವಾಗಲೇ ಕಡಲಲ್ಲಿ ಪೈಲ್ ಕಂಬ ಇಳಿಯುತ್ತಿದ್ದ ಅವಸರದಲ್ಲಿ ಇವರನ್ನು ಕೇಳುವ ವ್ಯವಧಾನ ಸರ್ಕಾರಕ್ಕೂ ಇರಲಿಲ್ಲ.

ನೆಟ್ಟ ಕಂಬಗಳನ್ನು ಕೀಳಿ ಎಂದು ನಾನೂ ಹೇಳುವುದಿಲ್ಲ. ಕಂಬದ ಮೇಲೆ ಯಾರು ನಿಲ್ಲಬೇಕೆಂಬುದನ್ನು ಮಾತ್ರ ಬದಲಿಸಬಹುದು. 150 ಕಾರುಗಳ ಜಾಗದಲ್ಲಿ ಬೆಸ್ಟ್ ಬಸ್ಸುಗಳು ತಿರುಗಲಿ, ಒಂದು ಅಂಚನ್ನು ಫೋಟೋದವರಿಗೂ ಕಡಲೆಕಾಯಿಯವರಿಗೂ ಗುರುತು ಹಾಕಿ ಕೊಡಲಿ. ಹೈಕೋರ್ಟ್ ಆಂಫಿಥಿಯೇಟರನ್ನು ಕಾಯುವ ಜಾಗವಾಗಿಸಿದ್ದು ಒಂದೂ ಕಂಬ ಕೀಳದೆ.