ತಂತಿಯಲ್ಲಿ ಸಿಕ್ಕ ನವರಂಗ

ಭಾನುವಾರ ಮೆಣಸಗಿ ಹಳ್ಳಿಗೆ ಹೋದಾಗ ಚಿಗವ್ವನ ಮನೆಯಲ್ಲಿ ಅಂಚೆ ಚೀಟಿಯ ಹಕ್ಕಿಯೊಂದು ಸಿಕ್ಕಿತು.

ಬಂದ ಕಾಗದಗಳನ್ನು ಚುಚ್ಚಿಡುವ ತಂತಿ ಅಲ್ಲಿ ಇನ್ನೂ ಗೋಡೆಗೆ ನೇತಾಡುತ್ತಿದೆ. ಕಂದಾಯದ ಪಾವತಿ, ಲಗ್ನಪತ್ರಿಕೆಗಳ ನಡುವೆ ಹಳದಿಗಟ್ಟಿದ ಒಂದು ಪಾಕೀಟು. ಮೂಲೆಯಲ್ಲಿ 25 ಪೈಸೆಯ ನವರಂಗ ಹಕ್ಕಿಯ ಚೀಟಿ, 1975ರ ಏಪ್ರಿಲ್ 28ರಂದು ಹೊರಟ ನಾಲ್ಕು ಹಕ್ಕಿ ಚೀಟಿಗಳಲ್ಲಿ ಒಂದು. ಹುಬ್ಬಳ್ಳಿಯ ಮುದ್ರೆ ಕೊಕ್ಕು, ಕಣ್ಣು ಬಿಟ್ಟು ಬಾಲದ ಮೇಲಷ್ಟೇ ಬಿದ್ದಿದೆ. ಹಿಂಬದಿಯಲ್ಲಿ ಮೆಣಸಗಿಯ ಬಟವಾಡೆ ಮುದ್ರೆ, ಮಸಿ ಅರ್ಧ ಹರಡಿದೆ. ತಂತಿಯ ತೂತು ಚೀಟಿಗೆ ಎರಡೇ ಬೆರಳು ದೂರ.

ಅದೇ ಸರಣಿಯಲ್ಲಿ ಮೊನಾಲ್ ಹಕ್ಕಿಗೆ 2 ರೂಪಾಯಿ. ಊರಿನ ಪತ್ರಕ್ಕೆ ಅಷ್ಟು ಯಾರು ಹಚ್ಚುತ್ತಾರೆ? ಹಳ್ಳಿಗೆ ಬಂದದ್ದು ಕಡಿಮೆ ಬೆಲೆಯ ನವರಂಗ. ನಮ್ಮ ಎರೆಭೂಮಿಯ ಹೆಸರನ್ನೇ ಹೊತ್ತ ಎರೆಭೂತ ಎಂಬ ಹಕ್ಕಿಗೂ ಮೊನಾಲ್‌ನ ಗತಿಯೇ ಆಯಿತು. 1980ರ ನವೆಂಬರಿನಲ್ಲಿ ಅದರ ಚೀಟಿ ಬಂದಾಗ ಬೆಲೆ 2 ರೂಪಾಯಿ 30 ಪೈಸೆ. ಎರಿ ಹೊಲದ ಹಕ್ಕಿ ಎರಿ ಹೊಲದ ಊರುಗಳಿಗೆ ಅಂಚೆಯಲ್ಲಿ ಬರಲೇ ಇಲ್ಲವೆನ್ನಬೇಕು. ಇಂದು ಕರ್ನಾಟಕದಲ್ಲಿ ಅದು ಉಳಿದಿರುವುದು ಸಿರುಗುಪ್ಪದ ಕಡೆ, ಬೆರಳೆಣಿಕೆಯಷ್ಟು.

ಮುದ್ರೆ ಬೀಳದ ಹಾಳೆಗಳನ್ನು ಕೊಂಡು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಡುವವರ ಜೊತೆ ನನ್ನದು ಹಳೆಯ ತಕರಾರು. 2016ರಲ್ಲಿ ನಮ್ಮ ಅಂಚೆ ಇಲಾಖೆ ದಕ್ಷಿಣ ಅಮೆರಿಕದ ಮಕಾವ್‌ಗಳನ್ನು ಅಚ್ಚು ಹಾಕಿದಾಗ ಅವರೆಲ್ಲ ಸಾಲುಗಟ್ಟಿ ಕೊಂಡರು. ಬಣ್ಣ ಚೆಂದ, ಒಪ್ಪುತ್ತೇನೆ. ಆದರೆ ಯಾರ ಸುದ್ದಿಯನ್ನೂ ಹೊರದ ಚೀಟಿ ನನ್ನ ಮಟ್ಟಿಗೆ ಬರೀ ಚಿತ್ರ.

ಚಿಗವ್ವ ಹೇಳಿದಳು: "ತಿಕೀಟು ಬೇಕಾದ್ರ ಹರಕೊಂಡು ಹೋಗೋ ತಮ್ಮಾ, ಕಾಗದ ಮಾತ್ರ ಇಲ್ಲೇ ಇರಲಿ. ನಿಮ್ಮ ಕಾಕಾ ಬರೆದಿದ್ದು." ನಾನು ಹರಿಯಲಿಲ್ಲ. ಮೊದಲಾಗಿದ್ದರೆ ತಾಟಿನಲ್ಲಿ ನೀರು ಹಾಕಿ ನೆನೆಸಿ, ಚಿಮಟದಿಂದ ಎತ್ತಿ, ರದ್ದಿ ಕಾಗದದ ಮೇಲೆ ಒಣಗಿಸುತ್ತಿದ್ದೆ. ಹಾಗೆ ಮಾಡಿದರೆ ಹುಬ್ಬಳ್ಳಿ ಒಂದು ಕಡೆ, ಮೆಣಸಗಿ ಒಂದು ಕಡೆ ಆಗುತ್ತವೆ. ಪತ್ರ ನಡೆದ ದಾರಿಯೇ ಅಳಿಸುತ್ತದೆ. ನೀರಿಗೆ ಎಲ್ಲ ಚೀಟಿಯೂ ತಡೆಯುವುದಿಲ್ಲ ಎನ್ನುವುದೂ ನೆನಪಿರಲಿ. 1994ರ ನೀರುಹಕ್ಕಿಗಳ ನಾಲ್ಕು ಚೀಟಿಗಳನ್ನು ಇಲಾಖೆ ಹಿಂದಕ್ಕೆ ಪಡೆದದ್ದು, ಅವುಗಳ ಮಸಿ ನೀರಿನಲ್ಲಿ ಕರಗುತ್ತಿತ್ತೆಂದೇ.

ಪಾಕೀಟನ್ನು ತಂತಿಯಿಂದ ಬಿಡಿಸಿ, ಎರಡೂ ಬದಿಯ ಫೋಟೊ ತೆಗೆದುಕೊಂಡು, ಚಿಗವ್ವನ ಟ್ರಂಕಿನಲ್ಲೇ ಇಟ್ಟು ಬಂದೆ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಇಂಥ ತಂತಿಗಳು ಇನ್ನೂ ಇದ್ದಾವು. ಸುಣ್ಣ ಬಳಿಯುವ ಮುಂಚೆ ಇಳಿಸಿ ನೋಡಿ. ಹಕ್ಕಿ ಕಂಡರೆ ಕೀಳಬೇಡಿ, ಪಾಕೀಟಿನ ಸಮೇತ ಇಟ್ಟುಕೊಳ್ಳಿ.