ಗಿರಾಕಿ ಇಲ್ಲದ ಹೊತ್ತಿನ ಅಂಗಡಿ

ಮನೆಯಲ್ಲೇ ಸರ್ವರ್ ಇಟ್ಟು ಆನ್‌ಲೈನ್ ಅಂಗಡಿ ತೆರೆಯುತ್ತೇನೆ ಎಂದವರನ್ನು ಗೆಳೆಯರು ಹೆದರಿಸುವ ಮಾತು ಒಂದೇ: ‘ಒಂದೇ ಸಲಕ್ಕೆ ಸಾವಿರ ಜನ ಬಂದುಬಿಟ್ಟರೆ?’ ಬರುವುದಿಲ್ಲ, ನಿಶ್ಚಿಂತೆಯಿಂದಿರಿ. ಶಿರಸಿ ಸೀಮೆಯ ಮನೆಯೊಂದು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ ಮಾರಲು ಹೊರಟಿದೆ ಎನ್ನಿ. ದಿನಕ್ಕೆ ಹತ್ತು ಆರ್ಡರ್ ಬಂದರೆ ಮನೆಯವರು ಡಬ್ಬಿ ಕಟ್ಟುವುದರಲ್ಲೇ ಸುಸ್ತು. ಸರ್ವರಿಗೆ ಅದು ಲೆಕ್ಕಕ್ಕೇ ಇಲ್ಲ. ಮನೆಯಂಗಡಿಯನ್ನು ಕಾಡುವುದು ನೂಕುನುಗ್ಗಲಲ್ಲ, ಯಾರೂ ಬಾರದ ಹೊತ್ತು. ಅಂಗಡಿ ತಂತ್ರಾಂಶ ಬರೆದವರ ಕಣ್ಣಮುಂದೆ ಇದ್ದದ್ದು ಸದಾ ಗಿಜಿಗುಡುವ ಅಂಗಡಿ, ಕರೆಂಟು ಹೋಗದ ಡೇಟಾ ಸೆಂಟರ್. ಅವರು ಹೊಂದಿಸಿ ಕೊಟ್ಟ ಸೆಟ್ಟಿಂಗುಗಳಲ್ಲಿ ಆ ಊಹೆ ಅಡಗಿ ಕೂತಿರುತ್ತದೆ. ಅದನ್ನು ಹುಡುಕಿ ಹುಡುಕಿ ತಿರುಗಿಸುವುದರಲ್ಲೇ ಈ ಹವ್ಯಾಸದ ರುಚಿಯೆಲ್ಲ ಇರುವುದು.

ತಂತ್ರಾಂಶದ ಆಯ್ಕೆಯನ್ನು ಬೇಗ ಮುಗಿಸೋಣ. 2000ದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಓಎಸ್‌ಕಾಮರ್ಸ್ ಪುಕ್ಕಟೆ ಅಂಗಡಿಗಳ ಹಿರಿಯಜ್ಜ. ಅದರಿಂದ ಕವಲೊಡೆದದ್ದು ಜೆನ್ ಕಾರ್ಟ್. ಆಮೇಲೆ ಫ್ರಾನ್ಸಿನಿಂದ ಪ್ರೆಸ್ಟಾಶಾಪ್ ಬಂತು, 2008ರಲ್ಲಿ ಮ್ಯಾಜೆಂಟೊ ಬಂತು. ಮ್ಯಾಜೆಂಟೊ ಈಗ ಅಡೋಬಿಯ ಸ್ವತ್ತು. 2.4ನೇ ಆವೃತ್ತಿಯಿಂದ ಅದಕ್ಕೆ ಪ್ರತ್ಯೇಕ ಹುಡುಕು ಯಂತ್ರವೂ ಕಡ್ಡಾಯ, ಅದೊಂದೇ ಗಿಗಾಬೈಟುಗಟ್ಟಲೆ ಮೆಮೊರಿ ನುಂಗುತ್ತದೆ. ಮನೆಯಂಗಡಿಗೆ ಮ್ಯಾಜೆಂಟೊ ಹಾಕುವುದೆಂದರೆ ಒಂದು ಡಬ್ಬಿ ಉಪ್ಪಿನಕಾಯಿ ಸಾಗಿಸಲು ಲಾರಿ ಗೊತ್ತುಮಾಡಿದ ಹಾಗೆ. ಓಪನ್‌ಕಾರ್ಟ್ ಹಗುರ, ಚೊಕ್ಕ. ಆದರೂ ನನ್ನ ಓಟು ವೂಕಾಮರ್ಸಿಗೆ. 2011ರಲ್ಲಿ ಜಿಗೋಶಾಪ್ ಎಂಬ ಇನ್ನೊಂದು ಪ್ಲಗಿನ್ನಿನಿಂದ ಕವಲೊಡೆದು ಬಂದ ಇದು ವರ್ಡ್‌ಪ್ರೆಸ್ಸಿನ ಹೆಗಲ ಮೇಲೆ ಕೂತು ಕೆಲಸ ಮಾಡುತ್ತದೆ. ಏನೇ ಕೆಟ್ಟರೂ ಆ ತೊಂದರೆಯನ್ನು ಮೊದಲೇ ಪಟ್ಟವರು ಎಲ್ಲೋ ಒಬ್ಬರು ಸಿಕ್ಕೇ ಸಿಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು ರಿಪೇರಿ ಮಾಡುವವರಿಗೆ ಅದಕ್ಕಿಂತ ದೊಡ್ಡ ಗುಣ ಬೇಡ.

ಯಂತ್ರದ ವಿಚಾರದಲ್ಲೂ ಹೆಚ್ಚು ಹೇಳುವುದಿಲ್ಲ. ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್ ಬಿಲ್ಲು. 6 ವ್ಯಾಟಿನ ರಾಸ್ಪ್‌ಬೆರಿ ಪೈ ನಾಲ್ಕೂ ಚಿಲ್ಲರೆ ಯೂನಿಟ್ಟಿನಲ್ಲಿ ತಿಂಗಳು ದೂಡುತ್ತದೆ. ಪೈ ಕೊಂಡರೆ ಡೇಟಾಬೇಸನ್ನು ಮೆಮೊರಿ ಕಾರ್ಡಿನ ಮೇಲೆ ಮಾತ್ರ ಇಡಬೇಡಿ. ಸದಾ ಬರೆಯುವ ಡೇಟಾಬೇಸಿಗೆ ಆ ಕಾರ್ಡು ತಾಳುವುದಿಲ್ಲ, ಒಂದು ಸಣ್ಣ ಎಸ್‌ಎಸ್‌ಡಿ ಸಿಕ್ಕಿಸಿ. ಡೆಬಿಯನ್, ಎಂಜಿನ್‌ಎಕ್ಸ್, ಮಾರಿಯಾಡಿಬಿ, ಪಿಎಚ್‌ಪಿ ಹಾಕಿದರೆ ಅಡಿಪಾಯ ಮುಗಿಯಿತು. ಮಾರಿಯಾಡಿಬಿ ತನ್ನ ಪಾಡಿಗೆ 128 ಮೆಗಾಬೈಟನ್ನು ಬಫರಿಗೆ ತೆಗೆದಿಟ್ಟುಕೊಳ್ಳುತ್ತದೆ. ನಲವತ್ತು ಸರಕಿನ ಅಂಗಡಿಯ ಇಡೀ ಡೇಟಾಬೇಸು ಅಷ್ಟರೊಳಗೆ ಕಾಲು ಚಾಚಿ ಮಲಗೀತು. ಅಲ್ಲಿ ಕೈಯಾಡಿಸುವ ಅಗತ್ಯವೇ ಇಲ್ಲ.

ಕೈಯಾಡಿಸಬೇಕಾದ ಮೊದಲ ಜಾಗ ಗಡಿಯಾರ. ವರ್ಡ್‌ಪ್ರೆಸ್ಸಿಗೆ ಸ್ವಂತ ಗಡಿಯಾರವಿಲ್ಲ. ಯಾರಾದರೂ ಪುಟ ತೆರೆದಾಗ ಮಾತ್ರ ಎಚ್ಚೆತ್ತು, ಬಾಕಿ ಕೆಲಸ ಏನಾದರೂ ಇದೆಯೇ ಎಂದು ನೋಡುತ್ತದೆ. ಗಿಜಿಗುಡುವ ಅಂಗಡಿಗೆ ಇದು ಸೊಗಸಾದ ಉಪಾಯ: ಪ್ರತಿ ಸೆಕೆಂಡಿಗೂ ಯಾರೋ ಒಬ್ಬರು ಒಳಗೆ ಬರುತ್ತಲೇ ಇರುತ್ತಾರೆ. ನಮ್ಮ ಶಿರಸಿಯ ಅಂಗಡಿಯಲ್ಲಿ ಚೌತಿಯ ರಿಯಾಯಿತಿ ನಡುರಾತ್ರಿ ಮುಗಿಯಬೇಕು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಬೋಣಿಗೆಯ ಗಿರಾಕಿ ಬಾಗಿಲು ತಟ್ಟುವವರೆಗೂ ಅದನ್ನು ಮುಗಿಸುವವರಿಲ್ಲ. ಮದ್ದು ಸುಲಭ. ವರ್ಡ್‌ಪ್ರೆಸ್ಸಿನ ಸಂರಚನಾ ಕಡತದಲ್ಲಿ ಒಳಗಿನ ಕ್ರಾನನ್ನು ನಿಲ್ಲಿಸುವ ಒಂದು ಸಾಲು ಬರೆದು, ಐದು ನಿಮಿಷಕ್ಕೊಮ್ಮೆ ಆ ಕೆಲಸವನ್ನು ಎಬ್ಬಿಸುವಂತೆ ಲಿನಕ್ಸಿನ ಕ್ರಾನ್‌ಟ್ಯಾಬಿಗೆ ಒಪ್ಪಿಸಿ. ಯಾವ ಅಂಗಡಿಯನ್ನು ನೋಡಿದರೂ ನಾನು ಮೊದಲು ಕೇಳುವುದು ಇದನ್ನೇ.

ಈ ಗಡಿಯಾರ ದುಡ್ಡಿನ ವಿಷಯಕ್ಕೆ ಕೈಹಾಕಿದಾಗ ಆಟ ಕಾವೇರುತ್ತದೆ. ದುಡ್ಡು ಕೊಡದೆ ಬಿಟ್ಟುಹೋದ ಆರ್ಡರಿಗಾಗಿ ವೂಕಾಮರ್ಸ್ ಸರಕನ್ನು 60 ನಿಮಿಷ ಎತ್ತಿಡುತ್ತದೆ, ಆಮೇಲೆ ಆರ್ಡರನ್ನು ರದ್ದು ಮಾಡಿ ಸರಕನ್ನು ವಾಪಸ್ ದಾಸ್ತಾನಿಗೆ ಸೇರಿಸುತ್ತದೆ. ಈಗ ಮಳೆಗಾಲದ ಒಂದು ಸಂಜೆ. ಹುಬ್ಬಳ್ಳಿಯ ಗಿರಾಕಿ ಯುಪಿಐನಲ್ಲಿ ದುಡ್ಡು ಕಟ್ಟಿದರು. ಅದೇ ಹೊತ್ತಿಗೆ ಮನೆಯಲ್ಲಿ ಕರೆಂಟು ಹೋಯಿತು. ದುಡ್ಡು ಬಂತೆಂದು ಪಾವತಿ ಗೇಟ್‌ವೇ ಅಂಗಡಿಗೆ ಕಳಿಸುವ ಸಂದೇಶಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಅದು ಬಂದಾಗ ಬಾಗಿಲಲ್ಲಿ ಯಾರೂ ಇಲ್ಲ. ಗಿರಾಕಿಯ ಫೋನಿನಲ್ಲಿ ಹಣ ಕಡಿತವಾದ ಸುದ್ದಿ, ಅಂಗಡಿಯ ಪುಸ್ತಕದಲ್ಲಿ ಪಾವತಿ ಬಾಕಿ. ಎರಡು ಗಂಟೆಯ ಮೇಲೆ ಕರೆಂಟು ಬಂತು, ಗಡಿಯಾರ ಎದ್ದಿತು, ಗಂಟೆ ಮೀರಿದೆ ಎಂದು ಆರ್ಡರನ್ನು ರದ್ದುಮಾಡಿತು. ಗೇಟ್‌ವೇ ಮತ್ತೆ ಸಂದೇಶ ಕಳಿಸುವ ಹೊತ್ತಿಗೆ ಗಿರಾಕಿಗೆ ‘ನಿಮ್ಮ ಆರ್ಡರ್ ರದ್ದಾಗಿದೆ’ ಎಂದು ಕಾಣುತ್ತಿದೆ. ಅವರು ಫೋನು ಮಾಡಿ ಬೈದರೆ ಅದರಲ್ಲಿ ತಪ್ಪೇನಿದೆ?

ಸರಕು ಎತ್ತಿಡುವ ಈ ಗಂಟೆಯ ಲೆಕ್ಕ ಯಾರಿಗಾಗಿ? ಕೊನೆಯ ಎರಡು ಟಿಕೆಟ್ಟಿಗೆ ಇನ್ನೂರು ಜನ ಬಡಿದಾಡುವ ಕಡೆಗೆ. ಕಪಾಟಿನಲ್ಲಿ ಎಂಬತ್ತು ಬಾಟಲಿ ಉಪ್ಪಿನಕಾಯಿ ಇರುವಾಗ ಒಂದು ಬಾಟಲಿ ಇಡೀ ದಿನ ಎತ್ತಿಟ್ಟರೂ ಯಾರಿಗೂ ನಷ್ಟವಿಲ್ಲ. 60ರ ಜಾಗದಲ್ಲಿ 1440 ಎಂದು ಬರೆಯಿರಿ. ಗೇಟ್‌ವೇ ತಾಣದಲ್ಲಿ ವೆಬ್‌ಹುಕ್ ನೋಂದಾಯಿಸುವುದನ್ನೂ ತಪ್ಪಿಸಬೇಡಿ. ಗಿರಾಕಿಯ ಬ್ರೌಸರು ತಿರುಗಿ ಅಂಗಡಿಗೆ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ವ್ಯಾಪಾರ ನಡೆಸುವವರು ಬಹಳ ಮಂದಿ. ಇನ್ನು ಕಾರ್ಡಿನ ನಂಬರು ಕೇಳುವ ಪುಟವನ್ನು ಮನೆಯ ಸರ್ವರಿನಲ್ಲಿ ಇಡುವ ಮಾತೇ ಬೇಡ. ಗಿರಾಕಿಯನ್ನು ಗೇಟ್‌ವೇ ಪುಟಕ್ಕೇ ಕಳಿಸಿ. 2022ರ ಅಕ್ಟೋಬರಿನಿಂದ ವ್ಯಾಪಾರಿಗಳು ಕಾರ್ಡಿನ ನಂಬರನ್ನು ಇಟ್ಟುಕೊಳ್ಳುವಂತೆಯೇ ಇಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಮಗಂತೂ ಒಳ್ಳೆಯದೇ ಆಯಿತು.

ಗಿಜಿಗುಡುವ ಅಂಗಡಿಯ ಇನ್ನೊಂದು ಅಭ್ಯಾಸ ಕ್ಯಾಶ್ ಪ್ಲಗಿನ್. ವೇಗ ಬೇಕೆಂದರೆ ಇದನ್ನು ಹಾಕಿ ಎಂದು ಸಿಕ್ಕಸಿಕ್ಕವರೆಲ್ಲ ಹೇಳುತ್ತಾರೆ. ಒಬ್ಬರಿಗೆ ತೋರಿಸಿದ ಪುಟವನ್ನು ಎತ್ತಿಟ್ಟು ಮುಂದಿನವರಿಗೂ ತೋರಿಸುವುದು ಅದರ ಕೆಲಸ. ಚೀಲದ ಪುಟ, ಪಾವತಿಯ ಪುಟ, ‘ನನ್ನ ಖಾತೆ’ ಪುಟಗಳನ್ನು ಹೊರಗಿಡದೆ ಹಾಕಿದರೆ ಮೈಸೂರಿನವರು ಚೀಲಕ್ಕೆ ಹಾಕಿದ್ದು ಮಂಗಳೂರಿನವರಿಗೆ ಕಾಣಬಹುದು, ಮನೆ ವಿಳಾಸದ ಸಮೇತ. ದಿನಕ್ಕೆ ಐವತ್ತು ಜನ ಬರುವ ಕಡೆ ಈ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಯಾಕೆ? ಪಿಎಚ್‌ಪಿಯ ಜೊತೆಗೇ ಬರುವ ಆಪ್‌ಕ್ಯಾಶ್ ಚಾಲೂ ಇದ್ದರೆ ಸಾಕು. ನಿಜವಾದ ನಿಧಾನ ಇರುವುದು ಫೋಟೊಗಳಲ್ಲಿ. ಫೋನಿನಲ್ಲಿ ತೆಗೆದ 4 ಮೆಗಾಬೈಟಿನ ಚಿತ್ರವನ್ನು ಹಾಗೇ ಏರಿಸಿದರೆ ಅದು ಹೋಗಬೇಕಾದದ್ದು ನಿಮ್ಮ ಮನೆಯ ಅಪ್‌ಲೋಡ್ ದಾರಿಯಲ್ಲಿ.

ಕನ್ನಡದಲ್ಲಿ ಅಂಗಡಿ ನಡೆಸುವವರಿಗೆ ಒಂದು ವಿಶೇಷ ಮೋಜು ಕಾದಿದೆ. ಸರಕಿನ ಹೆಸರಿನಿಂದಲೇ ವರ್ಡ್‌ಪ್ರೆಸ್ ಪುಟದ ವಿಳಾಸ ಕಟ್ಟುತ್ತದೆ, ಅದಕ್ಕೆ 200 ಚಿಹ್ನೆಯ ಮಿತಿ. ಇಂಗ್ಲಿಷಿನವರಿಗೆ ಅದು ಧಾರಾಳ. ಕನ್ನಡದಲ್ಲಿ ಒಂದೊಂದು ಅಕ್ಷರಭಾಗವೂ ಮೂರು ಬೈಟು. ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಸೇರಿ ಮೂರು ಚಿಹ್ನೆಯಾಗಿ ಬರೆಯುತ್ತಾರೆ. ಅಂದರೆ ‘ಕ’ ಎಂಬುದಕ್ಕೇ ಒಂಬತ್ತು ಚಿಹ್ನೆ, ಅದರ ಕೊಂಬಿಗೆ ಮತ್ತೆ ಒಂಬತ್ತು, ಒತ್ತಿಗೆ ಹದಿನೆಂಟು. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂಬಷ್ಟಕ್ಕೆ 172 ಖರ್ಚಾಯಿತು. ಮುಂದೆ ‘ಅರ್ಧ ಕೆಜಿ’ ಎಂದು ಸೇರಿಸಿದರೆ ವಿಳಾಸ ‘ಅರ್’ ಎಂಬಲ್ಲಿಗೆ ಸರಿಯಾಗಿ 200 ಮುಟ್ಟಿ ಕತ್ತರಿಸಿಹೋಗುತ್ತದೆ. ಕಾಲು ಕೆಜಿಯದು, ಒಂದು ಕೆಜಿಯದು ಎಲ್ಲವೂ ಹೀಗೆ ಬಾಲ ಕಳೆದುಕೊಂಡು ಯಾವುದು ಯಾವುದೋ ತಿಳಿಯದಂತಾಗುತ್ತವೆ. ವಾಟ್ಸ್ಆ್ಯಪಿನಲ್ಲಿ ಆ ಕೊಂಡಿ ಹಂಚಿದರೆ ಸಾಲುಗಟ್ಟಲೆ ಶೇಕಡಾ ಚಿಹ್ನೆಗಳು. ಹೆಸರು ಕನ್ನಡದಲ್ಲೇ ಇರಲಿ. ವಿಳಾಸವನ್ನು ಮಾತ್ರ ಕೈಯಾರೆ ಚಿಕ್ಕದಾಗಿ ಬರೆದುಬಿಡಿ.

ಇನ್ನು ಬಾಗಿಲು. ರೂಟರಿನಲ್ಲಿ 80 ಮತ್ತು 443ನೇ ಪೋರ್ಟುಗಳನ್ನು ಸರ್ವರಿನತ್ತ ತಿರುಗಿಸುವುದು ಹಳೆಯ ಕ್ರಮ. ಈಗ ಅನೇಕ ಮನೆಗಳ ಸಂಪರ್ಕಕ್ಕೆ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ, ಕಂಪನಿಯವರು ನೂರಾರು ಮನೆಗಳಿಗೆ ಒಂದನ್ನೇ ಹಂಚಿರುತ್ತಾರೆ. ರೂಟರಿನ ಹೊರ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವೂ ಆ ಸಾಲಿನವರು. ತಿಂಗಳಿಗಿಷ್ಟು ಕೊಟ್ಟು ಸ್ಥಿರ ಐಪಿ ಪಡೆಯಬಹುದು, ಇಲ್ಲವೇ ಸುರಂಗ ತೋಡಬಹುದು. ಕ್ಲೌಡ್‌ಫ್ಲೇರಿನ ಸುರಂಗ ಪುಕ್ಕಟೆ, ಕೆಲಸವೂ ಸಲೀಸು. ಆದರೆ ಗುಪ್ತಲಿಪಿ ಬಿಚ್ಚಿಕೊಳ್ಳುವುದು ಅವರ ಅಂಗಳದಲ್ಲಿ, ನಿಮ್ಮ ಮನೆಯಲ್ಲಲ್ಲ. ನನಗೆ ಹಿಡಿಸುವುದು ಒಂದು ಪುಟ್ಟ ಬಾಡಿಗೆ ಯಂತ್ರ ಹಿಡಿದು, ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಎಳೆಯುವುದು. ಅಂಗಡಿಯ ಬೀಗದ ಕೈ ಮನೆಯಲ್ಲೇ ಉಳಿಯುತ್ತದೆ.

ಬಾಗಿಲು ತೆರೆದ ಕೂಡಲೇ ಲಾಗ್ ಕಡತ ನೋಡುತ್ತ ಕೂರಿ, ಒಳ್ಳೆಯ ಮನರಂಜನೆ. ಲೆಟ್ಸ್ ಎನ್‌ಕ್ರಿಪ್ಟಿನಿಂದ ಪ್ರಮಾಣಪತ್ರ ಪಡೆದ ಗಳಿಗೆಯಲ್ಲೇ ನಿಮ್ಮ ಡೊಮೈನಿನ ಹೆಸರು ಸಾರ್ವಜನಿಕ ದಾಖಲೆಗೆ ಸೇರುತ್ತದೆ, ಅದನ್ನು ಕಾದು ಕೂತ ಬಾಟ್‌ಗಳು ಗಿರಾಕಿಗಿಂತ ಮೊದಲೇ ಬರುತ್ತವೆ. ಲಾಗಿನ್ ಪುಟ ಇದೆಯೇ, ಪಾಸ್‌ವರ್ಡ್ ಕಡತ ಎಲ್ಲಾದರೂ ಬಿದ್ದಿದೆಯೇ, ಹಳೆಯ ಪಿಎಚ್‌ಪಿಮೈಅಡ್ಮಿನ್ ಉಂಟೇ ಎಂದು ಸಾಲಾಗಿ ತಡಕುತ್ತವೆ. ಕ್ರಾನ್‌ಟ್ಯಾಬ್ ಹಾಕದ ಅಂಗಡಿಗಳ ಗಡಿಯಾರ ರಾತ್ರಿಯಿಡೀ ಅಷ್ಟಿಷ್ಟು ನಡೆಯುವುದು ಈ ಕಳ್ಳರ ಕೃಪೆಯಿಂದಲೇ! ಇವರನ್ನು ತಡೆಯಲು ಫೇಲ್‌ಟುಬ್ಯಾನ್ ಹಾಕುತ್ತೀರಿ, ಸರಿ. ಆದರೆ ಸುರಂಗದ ಹಿಂದೆ ಕೂತ ಸರ್ವರಿಗೆ ಕಳ್ಳನೂ ಗಿರಾಕಿಯೂ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಾರೆ. ಒಬ್ಬ ಕಳ್ಳನನ್ನು ನಿಷೇಧಿಸಿದರೆ ಸುರಂಗವೇ ಮುಚ್ಚಿಹೋಗಿ ಇಡೀ ಊರಿಗೆ ಬಾಗಿಲು ಬಂದ್. ಅಸಲಿ ಐಪಿಯನ್ನು ಒಳಗೆ ದಾಟಿಸುವ ಏರ್ಪಾಡು ಮಾಡಿದ ಮೇಲೆಯೇ ಕಾವಲುಗಾರನನ್ನು ನಿಲ್ಲಿಸಿ.

ಆರ್ಡರ್ ಮೇಲ್‌ಗಳನ್ನು ಮನೆಯ ಸರ್ವರಿನಿಂದ ನೇರ ಕಳಿಸುವ ಆಸೆ ಬಿಟ್ಟುಬಿಡಿ. 25ನೇ ಪೋರ್ಟನ್ನು ಎಷ್ಟೋ ಕಡೆ ಮುಚ್ಚಿರುತ್ತಾರೆ; ತೆರೆದಿದ್ದರೂ ಮನೆ ಸಂಪರ್ಕಗಳ ಐಪಿಗಳು ಸ್ಪ್ಯಾಮ್‌ಹೌಸಿನ ಪಟ್ಟಿಯಲ್ಲಿ ಮೊದಲೇ ಕೂತಿರುತ್ತವೆ. ಮೇಲ್ ಲೋಕದಲ್ಲಿ ಹೆಸರು ಗಳಿಸುವುದು ನಿತ್ಯ ಸಾವಿರಾರು ಕಳಿಸುವವರು, ದಿನಕ್ಕೆ ಹತ್ತು ಕಳಿಸುವವರನ್ನು ಕೇಳುವವರಿಲ್ಲ. ಮೇಲ್ ಸೇವೆಯೊಂದರ ಮೂಲಕ 587ನೇ ಪೋರ್ಟಿನಲ್ಲಿ ದಾಟಿಸಿ, ಡೊಮೈನಿಗೆ ಎಸ್‌ಪಿಎಫ್, ಡಿಕಿಮ್ ದಾಖಲೆ ಬರೆಸಿ. 2024ರ ಫೆಬ್ರುವರಿಯಿಂದ ಜಿಮೇಲ್ ಈ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿದೆ.

ಕಾನೂನಿನ ಒಂದು ಮಾತು. ಗ್ರಾಹಕರ ರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂಗಡಿಯ ಹೆಸರು, ವಿಳಾಸ, ದೂರು ಕೇಳುವವರ ವಿವರ ತಾಣದಲ್ಲಿ ಕಾಣಬೇಕು. ದೂರು ಬಂತೆಂದು 48 ಗಂಟೆಯೊಳಗೆ ಉತ್ತರಿಸಬೇಕು. ಮನೆಯಿಂದಲೇ ವ್ಯಾಪಾರ ಮಾಡುವವರ ಮನೆ ವಿಳಾಸ ಊರಿಗೆಲ್ಲ ತಿಳಿಯುತ್ತದೆ ಎಂದಾಯಿತು. ಇದನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಮಲೆನಾಡಿನವರಿಗೆ ಕರೆಂಟಿನ ಪಾಠ ಹೇಳಬೇಕಿಲ್ಲ. ಆದರೂ ಸರ್ವರಿಗೆ ಯುಪಿಎಸ್ ಕೊಟ್ಟು, ಫೈಬರಿನ ಪೆಟ್ಟಿಗೆಯನ್ನೂ ರೂಟರನ್ನೂ ಗೋಡೆಯ ಪ್ಲಗ್ಗಿಗೇ ಬಿಟ್ಟವರನ್ನು ಬಹಳ ನೋಡಿದ್ದೇನೆ. ಸರ್ವರ್ ಉರಿಯುತ್ತಿರುತ್ತದೆ, ಲೋಕಕ್ಕೆ ಕಾಣುವುದಿಲ್ಲ. ಮೂರನ್ನೂ ಒಂದೇ ಯುಪಿಎಸ್ಸಿಗೆ ಹಾಕಿ. ಬ್ಯಾಟರಿ ಇಳಿದಾಗ ಡೇಟಾಬೇಸನ್ನು ಸುಸೂತ್ರವಾಗಿ ಮುಚ್ಚಲು ನಟ್ ಎಂಬ ಪುಕ್ಕಟೆ ತಂತ್ರಾಂಶವಿದೆ.

ವ್ಯಾಪಾರ ಕುದುರಿ ದಿನಕ್ಕೆ ಇನ್ನೂರು ಆರ್ಡರ್ ಬಂತೆನ್ನಿ, ಆಗ ಅಂಗಡಿಯನ್ನು ಬಾಡಿಗೆ ಸರ್ವರಿಗೆ ಸಾಗಿಸಿ, ಹಟ ಬೇಡ. ಸಾಗಿಸುವಾಗ ಒಂದು ಕೊಕ್ಕೆ ಇದೆ. ಅಂಗಡಿಯ ವಿಳಾಸ ಡೇಟಾಬೇಸಿನ ಹತ್ತಾರು ಕಡೆ ಬರೆದಿರುತ್ತದೆ, ಕೆಲವು ಕಡೆ ಅಕ್ಷರ ಎಣಿಸಿದ ಸಂಖ್ಯೆಯ ಸಮೇತ. 192.168.1.10 ಎಂದಿದ್ದರೆ ಅದರ ಹಿಂದೆ 12 ಎಂಬ ಲೆಕ್ಕ. ಕಡತದಲ್ಲಿ ಹುಡುಕಿ ಹೊಸ ಹೆಸರು ತುರುಕಿದರೆ ಲೆಕ್ಕ ತಪ್ಪಿ, ಆ ಸೆಟ್ಟಿಂಗನ್ನು ಪಿಎಚ್‌ಪಿ ಓದಲೊಲ್ಲದು. ಮುಖಪುಟದ ವಿಜೆಟ್ಟುಗಳು, ಥೀಮಿನ ಆಯ್ಕೆಗಳು ಸದ್ದಿಲ್ಲದೆ ಮಾಯ. ಎಣಿಕೆಯನ್ನೂ ತಿದ್ದಿಕೊಂಡು ಬದಲಿಸುವ ಕೆಲಸಕ್ಕೆ ಡಬ್ಲ್ಯುಪಿ-ಸಿಎಲ್‌ಐ ಬಳಸಿ. ವಿಳಾಸವೇ ಬದಲಾಗದಿದ್ದರೆ ಈ ರಗಳೆಯೇ ಇಲ್ಲ. ಅದಕ್ಕೇ ಹೇಳುವುದು, ಪುಕ್ಕಟೆ ಸಿಗುವ ಡಿಡಿಎನ್‌ಎಸ್ ಹೆಸರಿನಲ್ಲೋ ಮನೆಯೊಳಗಿನ ಐಪಿಯಲ್ಲೋ ಅಂಗಡಿ ಕಟ್ಟಲು ಕೂರಬೇಡಿ. ಮೊದಲ ದಿನವೇ ಸ್ವಂತ ಡೊಮೈನ್ ಕೊಂಡು, ಅದೇ ಹೆಸರಿನಲ್ಲಿ ವರ್ಡ್‌ಪ್ರೆಸ್ ಹಾಕಿ.