ಶಿವಮೊಗ್ಗೆಯ ಸಸ್ಯಚಿತ್ರಗಳು: ಕರ್ತೃತ್ವದ ಪ್ರಶ್ನೆ

ಎಡಿನ್‌ಬರೋ ನಗರದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿರುವ ಕ್ಲೆಗ್‌ಹಾರ್ನ್ ಸಂಗ್ರಹದ ಒಂದು ಮುಖ್ಯ ಭಾಗವೆಂದರೆ ಶಿವಮೊಗ್ಗೆಯಲ್ಲಿ ರಚಿತವಾದ ಸಸ್ಯಚಿತ್ರಗಳು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ (1820–1895) 1840ರ ದಶಕದ ಮಧ್ಯಭಾಗದಲ್ಲಿ, ಆಗ ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸೀಮೆಯ ಶಿವಮೊಗ್ಗೆಯಲ್ಲಿ ಸೇವೆಯಲ್ಲಿದ್ದನು. ದಿನಕ್ಕೊಂದು ಗಿಡವನ್ನು ಅಭ್ಯಸಿಸುವ ನಿಯಮವಿಟ್ಟುಕೊಂಡ ಆತನು ಅವುಗಳನ್ನು ಚಿತ್ರಿಸಲು ಮರಾಠಿ ಚಿತ್ರಕಾರನೊಬ್ಬನನ್ನು ನೇಮಿಸಿಕೊಂಡನು. ಆ ಚಿತ್ರಕಾರನ ಹೆಸರು ಉಳಿದುಬಂದಿಲ್ಲ. ಸಂಗ್ರಹಕ್ಕೆ ನಿಂತದ್ದು ಆಶ್ರಯದಾತನ ಹೆಸರು.

ಇಂತಹ ಚಿತ್ರಗಳನ್ನು ವಿಜ್ಞಾನದ ಪೂರಕ ಸಾಮಗ್ರಿಯೆಂದೂ ಚಿತ್ರಕಾರನನ್ನು ಕೇವಲ ನಕಲುಗಾರನೆಂದೂ ಕಾಣುವ ವಾಡಿಕೆಯುಂಟು. ಈ ನಿಲುವು ಪರಿಶೀಲನೆಗೆ ನಿಲ್ಲದು. ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯಲ್ಲಿ ಹೂವಿನ ಬಣ್ಣ ಮಾಸುತ್ತದೆ, ದಳಗಳ ಆಕಾರ ಅಮುಕಿಹೋಗುತ್ತದೆ. ಕಳೆದುಹೋಗುವ ಈ ಅಂಶಗಳನ್ನೇ ಜಲವರ್ಣ ಹಿಡಿದಿಡಬೇಕು. ಎಲೆಯ ಬೆನ್ನನ್ನು ತೋರಲು ಯಾವ ಎಲೆಯನ್ನು ಮಗುಚಬೇಕು, ಬಳ್ಳಿಯನ್ನು ಎಲ್ಲಿ ತುಂಡರಿಸಬೇಕು, ಬೇರೆಬೇರೆ ಕಾಲದ ಹೂವು ಕಾಯಿಗಳನ್ನು ಒಂದೇ ಪುಟದಲ್ಲಿ ಹೇಗೆ ಕೂಡಿಸಬೇಕು ಎಂಬ ಪ್ರಶ್ನೆಗಳು ಸಸ್ಯಚಿತ್ರಕಾರನ ಮುಂದೆ ಸದಾ ಇರುತ್ತವೆ. ಇವಕ್ಕೆ ಉತ್ತರ ಕೊಡುವುದು ಕಣ್ಣು ಮತ್ತು ವಿವೇಚನೆ. ಸಸ್ಯಾಂಗಗಳ ಛೇದಚಿತ್ರಗಳಲ್ಲಿ ಸಸ್ಯಜ್ಞನ ಮಾರ್ಗದರ್ಶನ ಅಗತ್ಯವೆಂಬುದು ನಿಜ. ಆದರೆ ಅದರಿಂದ ಸಿದ್ಧವಾಗುವುದು ಕರ್ತೃತ್ವ ಇಬ್ಬರದೆಂಬುದೇ ಹೊರತು ಒಬ್ಬನದೆಂಬುದಲ್ಲ.

ಈ ಸಂದರ್ಭದಲ್ಲಿ ರಾಬರ್ಟ್ ವೈಟ್‌ನ ನಿದರ್ಶನ ಗಮನಾರ್ಹ. 1838ರಿಂದ 1853ರವರೆಗೆ ಪ್ರಕಟವಾದ ಆತನ ‘ಐಕೋನೆಸ್’ ಸಂಪುಟಗಳ ಮುದ್ರಿತ ಫಲಕಗಳಲ್ಲಿ ರಂಗಯ್ಯ, ಗೋವಿಂದು ಎಂಬ ಚಿತ್ರಕಾರರ ಹೆಸರುಗಳಿವೆ. 1853ರಲ್ಲಿ ವೈಟ್ ಆರ್ಕಿಡ್ ಕುಲವೊಂದಕ್ಕೆ ‘ಗೋವಿಂದೂಯ’ ಎಂದು ಹೆಸರಿಟ್ಟನು. ಆ ಕುಲ ಮುಂದೆ ‘ಟ್ರೊಪಿಡಿಯ’ದಲ್ಲಿ ವಿಲೀನವಾದರೂ ಚಿತ್ರಕಾರನ ಗುರುತು ಸಸ್ಯಶಾಸ್ತ್ರದ ದಾಖಲೆಯಲ್ಲಿ ಉಳಿಯಿತು. ಹೆಸರು ದಾಖಲಿಸುವುದು ಆ ಕಾಲಕ್ಕೆ ಅಸಾಧ್ಯವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಕ್ಲೆಗ್‌ಹಾರ್ನ್ 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದನು. ಅರಣ್ಯೇತಿಹಾಸದಲ್ಲಿ ಆತನ ಸ್ಥಾನ ಭದ್ರವಾಗಿದೆ. ಅದನ್ನು ಕುಗ್ಗಿಸದೆಯೇ ಸೂಚಿಗಳನ್ನು ತಿದ್ದಬಹುದು. ಸಂಗ್ರಹಕಾರನ ಹೆಸರು ಸಂಗ್ರಹಕ್ಕಿರಲಿ; ಚಿತ್ರಕಾರನ ಸ್ಥಾನದಲ್ಲಿ ಮಾತ್ರ ‘ಶಿವಮೊಗ್ಗೆಯ ಮರಾಠಿ ಚಿತ್ರಕಾರ’ ಎಂಬ ನಮೂದು ಇರಬೇಕು. ಹೆಸರು ತಿಳಿಯದ ಮಾತ್ರಕ್ಕೆ ಆ ಸ್ಥಾನವನ್ನು ಬೇರೊಬ್ಬನಿಂದ ತುಂಬುವುದು ಸಂಶೋಧನೆಯ ಶಿಸ್ತಿಗೆ ಒಪ್ಪುವಂಥದಲ್ಲ.